ತೋಪಿಗೆ ಹಚ್ಚಿದ ವಿಭೂತಿ

ನಮ್ಮ ಮನೆಯಲ್ಲಿ ಈರುಳ್ಳಿಗೆ ಇದ್ದಷ್ಟು ಜಾಗ ಮನುಷ್ಯರಿಗೆ ಇರಲಿಲ್ಲ. ಅಜ್ಜಂಪುರದ ಪೇಟೆ ಬೀದಿಯಲ್ಲಿ ಮುಂದುಗಡೆ ಅಪ್ಪನ ಈರುಳ್ಳಿ ಮಂಡಿ, ಹಿಂದುಗಡೆ ನಾವು. ಸುಗ್ಗಿಯಲ್ಲಿ ಮಂಡಿ ತುಂಬಿ ಉಳಿದದ್ದು ನಡುಮನೆಗೆ ಬರುತ್ತಿತ್ತು, ನಡುಮನೆಯೂ ತುಂಬಿದರೆ ನಾವು ಮಲಗುವ ಕೋಣೆಗೆ. ನನ್ನ ಶಾಲೆಯ ಚೀಲದಲ್ಲಿ ಪುಸ್ತಕದ ಜೊತೆ ಈರುಳ್ಳಿ ಸಿಪ್ಪೆ ಇರುತ್ತಿತ್ತು. ಪಕ್ಕ ಕೂರುವವಳು ಮೂಗು ಮುಚ್ಚಿಕೊಂಡು ನನ್ನನ್ನು ಮಂಡಿ ಎಂದೇ ಕರೆಯುತ್ತಿದ್ದಳು. ಈರುಳ್ಳಿಗೆ ಪ್ರವೇಶವಿಲ್ಲದ ಜಾಗ ಇಡೀ ಮನೆಗೆ ಒಂದೇ, ದೇವರ ಕೋಣೆಯ ಮುಂದಿನ ಪುಟ್ಟ ಪಡಸಾಲೆ. ಅಲ್ಲಿ ಮೇಲೊಂದು ಬೆಳಕಿಂಡಿ. ಬೆಳಿಗ್ಗೆ ಅಜ್ಜಿ ಅಲ್ಲಿ ಕೂತು ಲಿಂಗಪೂಜೆ ಮಾಡಿಕೊಂಡು ಎದ್ದರೆ ಸಂಜೆ ದೀಪ ಹಚ್ಚುವವರೆಗೆ ಅದು ನನ್ನದು. ನಾನು ಚಿತ್ರ ಬರೆಯುವುದನ್ನು ಕಲಿತದ್ದು ಅಲ್ಲಿ. ಬಣ್ಣದ ನೀರು ಒಂದು ಹನಿ ನೆಲಕ್ಕೆ ಬಿದ್ದರೂ ಪೆಟ್ಟಿಗೆ ಬಚ್ಚಲ ಒಲೆಗೆ ಹೋಗುತ್ತದೆ ಎಂದು ಅಜ್ಜಿ ಹೇಳಿದ್ದಳು. ಅವಳು ಹೇಳಿದ್ದನ್ನು ಮಾಡುವವರ ಪೈಕಿ, ಆದ್ದರಿಂದ ನಾನು ಹನಿ ಬೀಳಿಸುತ್ತಿರಲಿಲ್ಲ.

ಆ ಮನೆಯಲ್ಲಿ ನನಗೆ ಎಲ್ಲರಿಗಿಂತ ಹತ್ತಿರದವಳು ಗಿರಿಜತ್ತೆ, ಅಪ್ಪನ ಕೊನೆಯ ತಂಗಿ. ಎತ್ತರದ ಹೆಂಗಸು. ಮಂಡಿಯಲ್ಲಿ ನಿಂತು ಮಾತಾಡಿದರೆ ಬಸ್‌ಸ್ಟ್ಯಾಂಡಿನವರೆಗೆ ಕೇಳಬೇಕು, ಅಂಥ ದನಿ. ಈರುಳ್ಳಿ ರಾಶಿಯೊಳಗೆ ಮೊಳಕೈವರೆಗೆ ಕೈ ತೂರಿಸಿ, ಕೊಳೆಯಲು ಶುರುವಾದ ಒಂದನ್ನೇ ಹುಡುಕಿ ಎಳೆದು ತೆಗೆಯುತ್ತಿದ್ದಳು. ಅಪ್ಪ ಅವಳನ್ನು ಕೇಳದೆ ಲಾರಿಗೆ ಮೂಟೆ ಹತ್ತಿಸುತ್ತಿರಲಿಲ್ಲ. ಆದರೆ ಅದೇ ಕೈಗೆ ಸೂಜಿ ಕೊಟ್ಟರೆ ಮುಗಿಯಿತು. ಒಮ್ಮೆ ಅಜ್ಜಿಯ ಕಾಟ ತಾಳದೆ ದಿಂಬಿನ ಚೀಲದ ಮೇಲೆ ಗಿಣಿ ಕಸೂತಿ ಹಾಕಿದಳು. ಅದು ಪುಕ್ಕ ಕಿತ್ತ ಕೋಳಿಯಂತೆ ಕಾಣುತ್ತಿತ್ತು. ಅಜ್ಜಿ ಆ ದಿಂಬನ್ನು ಬೋರಲು ಹಾಕಿ ಮಲಗುತ್ತಿದ್ದಳು.

ಗಿಣಿಯ ವಿಷಯ ಸಣ್ಣದಲ್ಲ. ಆಗ ನಮ್ಮ ಕಡೆ ಹೆಣ್ಣು ನೋಡಲು ಬಂದವರು ಮೊದಲು ನೋಡುತ್ತಿದ್ದದ್ದು ಗೋಡೆಯನ್ನು. ಮದುವೆಗೆ ಬಂದ ಹುಡುಗಿಯಿರುವ ಮನೆಯಲ್ಲಿ ಗಾಜಿನ ಮಣಿಯ ಹಂಸ, ಉಲ್ಲನ್ನಿನ ಹೂಕುಂಡ, ಕಸೂತಿಯಲ್ಲಿ ಬರೆದ ಸುಸ್ವಾಗತ ಎಲ್ಲ ಕಟ್ಟು ಹಾಕಿಸಿಕೊಂಡು ಸಾಲಾಗಿ ನೇತಾಡಬೇಕು, ಪ್ರತಿಯೊಂದರ ಮೂಲೆಯಲ್ಲೂ ‘ಕು.’ ಎಂದು ಶುರುವಾಗುವ ಹೆಸರಿರಬೇಕು. ಬಂದವರು “ಎಲ್ಲ ಹುಡುಗೀನೇ ಮಾಡಿದ್ದಾ?” ಎಂದು ಕೇಳುವುದು, ತಾಯಿ “ಹೂಂ, ಕೈ ಸುಮ್ನೆ ಇಡಲ್ಲ” ಎನ್ನುವುದು ಶಾಸ್ತ್ರದ ಒಂದು ಭಾಗವೇ. ನಮ್ಮ ಗೋಡೆಯ ಮೇಲೆ ಮಠದ ಹಿರಿಯ ಸ್ವಾಮಿಗಳ ಫೋಟೊ ಮತ್ತು ಗೊಬ್ಬರದಂಗಡಿಯ ಕ್ಯಾಲೆಂಡರ್ ಬಿಟ್ಟರೆ ಸುಣ್ಣ. ಬಂದವರು ಉಪ್ಪಿಟ್ಟು ತಿಂದು, ಸುಣ್ಣ ನೋಡಿ, ಊರಿಗೆ ಹೋಗಿ ಹುಡುಗಿ ಸ್ವಲ್ಪ ಗಂಡುಬೀರಿ ಎಂದು ಹೇಳಿ ಕಳಿಸುತ್ತಿದ್ದರು. ಹೀಗೆ ಒಂದೆರಡು ಕಡೆ ತಪ್ಪಿಹೋದ ಮೇಲೆ ಸಿಂಗಟಗೆರೆಯಿಂದ ಒಂದು ಸಂಬಂಧ ಬಂತು. ಮುಂದಿನ ಶನಿವಾರ ಮಧ್ಯಾಹ್ನ ಅವರು ಬರುವವರಿದ್ದರು. ಅಜ್ಜಿ ನನ್ನನ್ನು ಪಡಸಾಲೆಗೆ ಕರೆದಳು.

“ಪುಟ್ಟಿ, ನಿನ್ನ ಬಣ್ಣದ ಪೆಟ್ಟಿಗೆ ತೆಗಿ. ಗೋಡೆ ತುಂಬೋ ಅಂಥದ್ದು ಒಂದು ಬರಿ. ಮೂಲೇಲಿ ನಿಮ್ಮತ್ತೆ ಹೆಸರು ಹಾಕು.”

“ಅತ್ತೆ ಬರೆದಿದ್ದಲ್ವಲ್ಲ ಅಜ್ಜಿ?”

“ಯಾರು ಬರೆದ್ರೇನೇ? ಈ ಮನೇದು ತಾನೆ?”

ನನಗೆ ಹೊಟ್ಟೆ ಉರಿಯಿತು. ಏಳನೇ ಕ್ಲಾಸಿನ ಹುಡುಗಿಗೆ ತನ್ನದು ಅಂತ ಇರುವುದಾದರೂ ಏನು? ಮೈಮೇಲಿನ ಲಂಗ ಅಕ್ಕಂದಿರು ಹಾಕಿ ಬಿಟ್ಟದ್ದು, ಜಡೆ ಅಮ್ಮನ ಕೈಯಲ್ಲಿ, ಹಾಸಿಗೆ ಈರುಳ್ಳಿಯ ಪಕ್ಕ. ಇದ್ದದ್ದು ಚಿತ್ರ ಒಂದು, ಅದಕ್ಕೂ ಬೇರೆಯವರ ಹೆಸರು. ಆದರೆ ಅಪ್ಪ ತರೀಕೆರೆಯಿಂದ ದಪ್ಪನೆಯ ದೊಡ್ಡ ಡ್ರಾಯಿಂಗ್ ಹಾಳೆಯನ್ನು ಸುರುಳಿ ಸುತ್ತಿ ತಂದುಕೊಟ್ಟಾಗ ನನ್ನ ಸ್ವಾಭಿಮಾನ ಅಲ್ಲಿಗೇ ಮುಗಿಯಿತು. ಅಷ್ಟು ದೊಡ್ಡ ಹಾಳೆಯನ್ನು ನಾನು ಅದುವರೆಗೆ ಮುಟ್ಟಿರಲಿಲ್ಲ. ಬರೆದರೆ ಕೆರೆ ಏರಿಯ ಹಿಂದಿನ ತೋಪನ್ನೇ ಬರೆಯಬೇಕು ಎಂದುಕೊಂಡೆ. ಹೊಂಗೆ, ಹಿಪ್ಪೆ, ಹುಣಸೆ ಒತ್ತಾಗಿ ಬೆಳೆದು, ನಡುವೆ ಒಂದು ಕಾಲುದಾರಿ. ಹೊಂಗೆ ಚಿಗುರಿದ ದಿನಗಳಲ್ಲಿ ಬೆಳಿಗ್ಗೆ ಅಲ್ಲಿಗೆ ಹೋದರೆ ದಾರಿಯ ಮೇಲೆ ಬಿದ್ದ ಬಿಸಿಲನ್ನು ದಾಟಲು ನನಗೆ ಮನಸ್ಸು ಬರುತ್ತಿರಲಿಲ್ಲ.

ಶಾಲೆಯ ಡ್ರಾಯಿಂಗ್ ಮೇಷ್ಟ್ರು ನಮಗೆ ಜಲವರ್ಣ ಕಲಿಸಿದ್ದರು. ಮೊದಲ ದಿನವೇ ಎಲ್ಲರ ಪೆಟ್ಟಿಗೆಯಿಂದ ಬಿಳಿ ಬಣ್ಣದ ಬಿಲ್ಲೆಯನ್ನು ಕಿತ್ತು ತಮ್ಮ ಜೇಬಿಗೆ ಹಾಕಿಕೊಂಡಿದ್ದರು. “ಬಿಳಿ ಇರೋದು ಹಾಳೇಲಿ, ಪೆಟ್ಟಿಗೇಲಲ್ಲ. ಬೆಳಕು ಎಲ್ಲಿ ಬೇಕೋ ಅಲ್ಲಿ ಮುಟ್ಟಬೇಡಿ, ಅಷ್ಟೆ,” ಎಂದಿದ್ದರು. ಅವರು ಹೇಳಿದಂತೆಯೇ ಶುರು ಮಾಡಿದೆ. ಊಟದ ಮಣೆಗಳಲ್ಲಿ ದೊಡ್ಡದನ್ನು ತೊಳೆದು ಒರೆಸಿ, ಹಾಳೆಯ ಎರಡೂ ಮಗ್ಗುಲಿಗೆ ಒದ್ದೆ ಬಟ್ಟೆ ಆಡಿಸಿ, ಮಣೆಯ ಮೇಲೆ ಹಾಸಿ, ಅಂಚಿಗೆ ಮೈದಾ ಅಂಟು ಬಳಿದು ಒತ್ತಿದೆ. ಒಣಗಿದಾಗ ಹಾಳೆ ತಮಟೆಯ ಚರ್ಮದಂತೆ ಬಿಗಿದುಕೊಂಡಿತು. ಆಮೇಲೆ ಕಂಡೂ ಕಾಣದ ಹಾಗೆ ಪೆನ್ಸಿಲ್ ಗೆರೆ: ಇಲ್ಲಿ ದಾರಿ, ಇಲ್ಲಿ ಹತ್ತಿರದ ಹಿಪ್ಪೆ ಮರ, ಇಲ್ಲಿ ಎಲೆಗಳ ಸಂದಿನ ಬೆಳಕು. ಅಜ್ಜಿ ಬಂದು ಬಗ್ಗಿ ನೋಡಿ ಏನೂ ಬರೆದೇ ಇಲ್ಲವಲ್ಲ ಎಂದು ಹೋದಳು. ಅತ್ತೆ ಮಾತ್ರ ಈರುಳ್ಳಿ ಬುಟ್ಟಿಯನ್ನು ಹೊಸ್ತಿಲಾಚೆ ಇಟ್ಟು, ಕೈ ತೊಳೆದುಕೊಂಡು ಬಂದು ನನ್ನ ಪಕ್ಕ ಕೂತಳು. ಅವಳ ಹೆಸರಿನ ಚಿತ್ರವಲ್ಲವೇ, ಕಾವಲಿಗೆ ಕೂತಿದ್ದಾಳೆ ಎಂದು ನಾನು ಸಿಡುಕಿದೆ.

ಹಾಳೆಯನ್ನು ಮತ್ತೆ ಒದ್ದೆ ಮಾಡಿ, ಮಣೆಯನ್ನು ಓರೆಯಾಗಿಟ್ಟು, ಹಳದಿಯನ್ನು ನೀರಿಗಿಂತ ಸ್ವಲ್ಪವೇ ಗಟ್ಟಿಯಾಗಿ ಕಲಸಿ ಮೇಲಿನಿಂದ ಬಿಟ್ಟೆ. ಪಕ್ಕದಲ್ಲಿ ತಿಳಿ ನೀಲಿ. ಎರಡೂ ತಾವಾಗಿ ಹರಿದು ಸೇರಿದವು. ಹಸಿ ಆರುವ ಮೊದಲೇ ದೂರದ ಮರಗಳನ್ನು ಬೂದುನೀಲಿಯಲ್ಲಿ ಮುಟ್ಟಿಸಿದೆ. ಅಂಚು ಹರಡಿ ಹಬೆಯ ಹಾಗಾಯಿತು. ದಾರಿಯ ಮೇಲೂ ನಡುವಿನ ಸಂದಿನಲ್ಲೂ ಬಣ್ಣ ಹೋಗದಂತೆ ಉಸಿರು ಹಿಡಿದು ಕುಂಚ ಎಳೆಯುತ್ತಿದ್ದೆ. ಇಷ್ಟಾದ ಮೇಲೆ ಏನೂ ಮಾಡಬಾರದು, ಕಾಯಬೇಕು. ನನಗೆ ಅದೇ ಕಷ್ಟ. ಆರದೆ ಮುಟ್ಟಿದರೆ ಎಲ್ಲವೂ ಕೆಸರಾಗುತ್ತದೆ. ಮಣೆಯನ್ನು ಅಡುಗೆಮನೆಗೆ ಒಯ್ದು ರೊಟ್ಟಿ ಒಲೆಯ ಕಾವಿಗೆ ಹಿಡಿಯುತ್ತೇನೆಂದರೆ ಅಮ್ಮ ಸೌಟು ತೋರಿಸಿದಳು. ಸರಿ, ಪಡಸಾಲೆಯಲ್ಲೇ ಕೂತೆವು. ಆಗ ಅತ್ತೆ ತನ್ನ ದನಿಗೆ ತಿಳಿದಷ್ಟು ಮೆತ್ತಗೆ ಹೇಳಿದಳು.

“ಪುಟ್ಟಿ, ಈ ಸಲ ಆಗ್ಲಿ ಅಂತ ಐತೆ ಕಣೇ ನಂಗೆ.”

“ಯಾಕೆ? ನೋಡಿದೀಯಾ ಅವ್ರನ್ನ?”

“ತರೀಕೆರೆ ಮದುವೇಲಿ. ಸಾರಿನ ಬಕೆಟ್ ಹಿಡ್ಕಂಡು ಪಂಕ್ತೀಲಿ ಬಡಿಸ್ತಿದ್ರು. ಸಾಕಾ ಅಂತ ಕೇಳಿ, ನಾನು ಹೇಳೋಗಂಟ ನಿಂತ್ಕಂಡ್ರು. ಬೇರೇರು ಕೇಳ್ತಾರೆ, ಕೇಳ್ತಾ ಕೇಳ್ತಾನೇ ಮುಂದಕ್ಕೆ ಹೋಗ್ಬಿಡ್ತಾರೆ.”

ಅಷ್ಟಕ್ಕೇ ಒಬ್ಬರನ್ನು ಮದುವೆಯಾಗಬೇಕೆನಿಸುತ್ತದೆಯೇ ಎಂದು ನನಗೆ ನಗು ಬಂತು. ಅತ್ತೆ ನಗಲಿಲ್ಲ. ಅವಳಿಗೆ ಇದು ಎಷ್ಟು ಬೇಕಾಗಿದೆ ಎಂದು ಅವಳ ಮುಖ ನೋಡಿದಾಗ ತಿಳಿಯಿತು. ನನ್ನ ಸಿಡುಕು ಇಳಿದು, ಒಳ್ಳೆಯದಾಗಿ ಬರೆದುಕೊಡಬೇಕು ಎನ್ನಿಸಿತು.

ಮುಂದಿನ ಹಂತಗಳಿಗೆಲ್ಲ ಅವಳು ಸಾಕ್ಷಿ. ಪೆಟ್ಟಿಗೆಯ ಹಸಿರು ಬಿಲ್ಲೆಯನ್ನು ಹಾಗೇ ಬಳಸದೆ ಹಳದಿ ನೀಲಿ ಬೆರೆಸಿ ಹೊಂಗೆಯ ಚಿಗುರಿಗೆ ಒಂದು, ಬಲಿತ ಎಲೆಗೆ ಒಂದು, ಹುಣಸೆಗೆ ಕಂದು ಸೇರಿಸಿ ಇನ್ನೊಂದು ಹಸಿರು ಮಾಡಿಕೊಂಡದ್ದು; ನಡುವಿನ ಮರಗಳನ್ನು ಗೊಂಚಲು ಗೊಂಚಲಾಗಿ ಇಟ್ಟದ್ದು; ಅವು ಆರಿದ ಮೇಲೆ ಹತ್ತಿರದ ಹಿಪ್ಪೆ ಮರವನ್ನು ಬುಡದಿಂದ ಮೇಲಕ್ಕೆ, ಕೊಂಬೆ ಸಣ್ಣದಾದಂತೆ ಕುಂಚ ಎತ್ತುತ್ತಾ ಬರೆದದ್ದು; ಒಣ ಕುಂಚವನ್ನು ಉಜ್ಜಿ ತೊಗಟೆಯ ಒರಟು ತಂದದ್ದು. ಕೊನೆಗೆ ದಾರಿಗೆ ಅಡ್ಡವಾಗಿ ನೆರಳು ಎಳೆದೆ. ನೆರಳು ಬಿದ್ದ ಕೂಡಲೇ ಅದುವರೆಗೆ ಬರಿಯ ಹಾಳೆಯಾಗಿದ್ದ ಬಿಳಿ, ಬಿಸಿಲಾಯಿತು. ಅತ್ತೆ “ಓ” ಎಂದಳು. ಆ ಸದ್ದನ್ನು ನಾನು ಮರೆತಿಲ್ಲ. ಮೂಲೆಯಲ್ಲಿ ‘ಕು. ಗಿರಿಜಾ’ ಎಂದು ಬರೆಯುವಾಗ ಮತ್ತೆ ಸ್ವಲ್ಪ ಸಂಕಟವಾಯಿತು, ಬರೆದೆ. ಅಟ್ಟದ ಮೇಲಿದ್ದ ಒಂದು ಹಳೆಯ ಕಟ್ಟಿನಲ್ಲಿ ಅಪ್ಪ ಅದನ್ನು ಕೂಡಿಸಿ ನಡುಮನೆಯಲ್ಲಿ ನೇತುಹಾಕಿದರು. ಕಟ್ಟಿನ ಗಾಜು ಎಂದೋ ಒಡೆದುಹೋಗಿತ್ತು.

ಶನಿವಾರ ಬೆಳಗಿನ ಶಾಲೆ. ನಾನು ಅತ್ತ ಹೋದಾಗ ಅಜ್ಜಿ ಇತ್ತ ಚಿತ್ರದ ಮುಂದೆ ನಿಂತಿದ್ದಾಳೆ. ತೋಪಿನ ನಟ್ಟನಡುವೆ ಅಷ್ಟಗಲ ಬಿಳಿ. ನಮ್ಮ ಮನೆಯಲ್ಲಿ ಬಾಗಿಲ ರಂಗೋಲಿಯಲ್ಲಿ ಒಂದು ಎಳೆ ಬಿಟ್ಟುಹೋಗಿದ್ದರೂ ಅಳಿಸಿ ಮತ್ತೆ ಹಾಕಿಸುತ್ತಿದ್ದವಳು ಅವಳು.

“ಗಿರಿಜಾ, ಇಲ್ಲಿ ಬಣ್ಣ ಸಾಲದೆ ಬಿಟ್ಟವಳೆ ಕಣೇ. ಬಂದೋರು ಅರ್ಧಂಬರ್ಧ ಕೆಲಸದೋಳು ಅಂತಾರೆ. ನೀನೇ ತುಂಬು.”

ಅದು ಬಿಸಿಲು ಎಂದು ಅತ್ತೆ ಹೇಳಿ ನೋಡಿದಳಂತೆ. ಬಿಸಿಲು ಹಳದಿ ಇರುತ್ತದೆ, ಬಿಳಿ ಇರುವುದಿಲ್ಲ ಎಂದು ಅಜ್ಜಿ ವಾದಿಸಿದಳಂತೆ. ಬಂದವರ ಭಯವೂ ಇತ್ತು. ಅತ್ತೆ ಪೆಟ್ಟಿಗೆಯ ಹಸಿರನ್ನೇ ಕಲಸಿ ಸಂದನ್ನೂ ದಾರಿಯನ್ನೂ ತುಂಬಿದಳು, ಅಂಚು ಕೂಡ ತಪ್ಪದ ಹಾಗೆ, ನಿಷ್ಠೆಯಿಂದ.

ನಾನು ಶಾಲೆಯಿಂದ ಬಂದು ನೋಡಿದರೆ ತೋಪಿನ ನಡುವೆ ಪಾಚಿ ಕಟ್ಟಿದ ಗೋಡೆ ಎದ್ದಿತ್ತು. ಚೀಲ ಎಸೆದು ಈರುಳ್ಳಿ ರಾಶಿಯ ಮೇಲೆ ಕೂತು ಜೋರಾಗಿ ಅಳತೊಡಗಿದೆ. ಬಿಳಿ ಇಲ್ಲ, ಬಿಲ್ಲೆ ಮೇಷ್ಟ್ರ ಜೇಬಿನಲ್ಲಿ, ಸಿಂಗಟಗೆರೆಯವರು ಆಗಲೇ ಬಸ್ಸಿನಲ್ಲಿ. ಗಿರಿಜತ್ತೆ ಒಂದು ಗಳಿಗೆ ನನ್ನನ್ನೂ ಒಂದು ಗಳಿಗೆ ಚಿತ್ರವನ್ನೂ ನೋಡಿದಳು. ಆಮೇಲೆ ಸೀದಾ ದೇವರ ಕೋಣೆಗೆ ಹೋಗಿ ಅಜ್ಜಿಯ ವಿಭೂತಿ ಗಟ್ಟಿ ತಂದಳು. ಮನೆಯಲ್ಲಿ ಅದಕ್ಕಿಂತ ಬಿಳಿಯದು ಯಾವುದಿದೆ? ಅಂಗೈಗೆ ನೀರು ಹಾಕಿಕೊಂಡು ತೇಯ್ದಳು. ಕುಂಚ ಹಿಡಿಯುವ ಯೋಚನೆಯೇ ಅವಳಿಗೆ ಬರಲಿಲ್ಲ. ಹುಟ್ಟಿದಾಗಿನಿಂದ ಮಾಡಿದ ಅಭ್ಯಾಸದಂತೆ ಮೂರು ಬೆರಳು ಅದ್ದಿ ತೋಪಿನ ನಡುವೆ ಎಡದಿಂದ ಬಲಕ್ಕೆ ಎಳೆದಳು. ಏನೂ ಕಾಣಲಿಲ್ಲ. ಮತ್ತೆ ಎಳೆದಳು. ಕಾಣಲಿಲ್ಲ. ಇನ್ನೂ ಗಟ್ಟಿಯಾಗಿ ತೇಯ್ದು ಮತ್ತೆ ಮತ್ತೆ ಬಳಿದಳು. ವಿಭೂತಿ ಹಸಿಯಿದ್ದಾಗ ಕಾಣುವುದಿಲ್ಲ, ಒಣಗಿದ ಮೇಲೆ ಬಿಳಿಯಾಗುತ್ತದೆ ಎಂದು ದಿನಾ ಹಚ್ಚಿಕೊಳ್ಳುವ ನಮಗೆ ಯಾರಿಗೂ ಹೊಳೆಯಲಿಲ್ಲ. ಹಣೆಗೆ ಹಚ್ಚಿಕೊಂಡು ಯಾರು ಕಾದು ಕೂತು ನೋಡುತ್ತಾರೆ? ಅಷ್ಟರಲ್ಲಿ ಬಾಗಿಲಲ್ಲಿ ಚಪ್ಪಲಿ ಬಿಡುವ ಸದ್ದಾಯಿತು. ಅತ್ತೆ ಕೈಯನ್ನು ನನ್ನ ಲಂಗಕ್ಕೆ ಒರೆಸಿ ಸೀರೆ ಬದಲಿಸಲು ಓಡಿದಳು.

ಬಂದವರು ಹುಡುಗ ರುದ್ರಪ್ಪ ಮತ್ತು ಅವರ ತಾಯಿ ಹಾಲಮ್ಮ. ಹಾಲಮ್ಮನವರದು ನಗು ಬಾರದ ಮುಖ. ಚಿತ್ರದ ಎದುರಿಗೇ ಅವರನ್ನು ಕೂರಿಸಲಾಯಿತು. ಅದಕ್ಕಾಗಿಯೇ ಅಲ್ಲವೇ ಅದನ್ನು ಅಲ್ಲಿ ತೂಗಿಹಾಕಿದ್ದು. ಅತ್ತೆ ತಲೆ ಬಗ್ಗಿಸಿ ಉಪ್ಪಿಟ್ಟು ತಂದಿಟ್ಟಳು. ನಾನು ಅಡುಗೆಮನೆಯ ಬಾಗಿಲಲ್ಲಿ ನಿಂತು ಚಿತ್ರವನ್ನೇ ನೋಡುತ್ತಿದ್ದೆ. ಅವರು ಉಪ್ಪಿಟ್ಟು ತಿನ್ನುತ್ತಿದ್ದಂತೆ ತೋಪಿನ ನಡುವೆ ಮೆಲ್ಲಗೆ ಬಿಳುಪು ಏಳತೊಡಗಿತು. ಕೇಸರಿಬಾತಿಗೆ ಬರುವ ಹೊತ್ತಿಗೆ ಅದು ಮೂರು ಗೆರೆಯಾಯಿತು. ಕಾಫಿ ಬಂದಾಗ ಹೊಂಗೆ, ಹಿಪ್ಪೆ, ಹುಣಸೆ ಎಲ್ಲವನ್ನೂ ಸೇರಿಸಿ ಯಾರೋ ತೋಪಿಗೆ ಪೂಜೆಗೆ ಕೂರುವ ಮೊದಲು ಹಚ್ಚುವ ಹಾಗೆ ದಪ್ಪ ವಿಭೂತಿ ಹಚ್ಚಿದ್ದರು. ಅಜ್ಜಿ ನೋಡಿದಳು.

ಹಾಲಮ್ಮ ಎದ್ದು ಚಿತ್ರದ ಹತ್ತಿರ ಹೋದರು. ಬೆರಳಿಂದ ಬಿಳಿಯನ್ನು ಮುಟ್ಟಿದರು. ಬೆರಳಿಗೆ ಪುಡಿ ಹತ್ತಿತು. ಹತ್ತಿದ್ದನ್ನು ಅವರು ಯೋಚನೆಯಿಲ್ಲದೆ ಹಣೆಗೆ ಹಚ್ಚಿಕೊಂಡರು. ಹಚ್ಚಿಕೊಂಡ ಮೇಲೆ ಕೈ ಅಲ್ಲೇ ನಿಂತಿತು.

“ಇದು ವಿಭೂತಿ ಅಲ್ವಾ?”

ಅವರು ಅತ್ತೆಯ ಕಡೆ ತಿರುಗಿದರು.

“ಹೆಂಗೆ ಬರೆದ್ಯವ್ವ ಇದ್ನ? ಹೇಳು ನೋಡನ.”

ಅತ್ತೆ ತಲೆ ಎತ್ತಿದಳು. ಅವಳು ಶುರು ಮಾಡಿದಳು: ಹಾಳೆ ಒದ್ದೆ ಮಾಡಿ ಮಣೆಗೆ ಅಂಟಿಸುವುದು, ಮೊದಲು ಹಳದಿ ನೀರು, ಹಸಿಯಲ್ಲೇ ದೂರದ ಮರ, ಆರುವವರೆಗೆ ಕಾಯುವುದು, ಹತ್ತಿರದ ಮರ ಬುಡದಿಂದ ಮೇಲಕ್ಕೆ. ಒಂದೂ ತಪ್ಪಲಿಲ್ಲ. ನಾನು ಇಷ್ಟು ಚೆನ್ನಾಗಿ ಹೇಳಲಾರೆ. ಅಜ್ಜಿಯ ಮುಖಕ್ಕೆ ಜೀವ ಬಂತು. ಅತ್ತೆ ಅಷ್ಟಕ್ಕೇ ನಿಲ್ಲಿಸಿದ್ದರೆ ಸಾಕಿತ್ತು.

“ಇಲ್ಲಿಗಂಟ ಬರೆದಿದ್ದು ನಾನಲ್ಲ. ನಮ್ಮಣ್ಣನ ಮಗಳು, ಅಗೋ ಅಲ್ಲಿ ನಿಂತವಳಲ್ಲ, ಅವಳು. ದಾರೀಲಿ ಬಿಸಿಲು ಬಿಟ್ಟಿದ್ಳು. ನಾನು ಹಸ್ರು ಬಳಿದು ಕೆಡಿಸ್ದೆ. ಆಮೇಲೆ ಸರಿ ಮಾಡಾಕೆ ಹೋಗಿ ವಿಭೂತಿ ಹಚ್ದೆ. ಹಸಿ ಇದ್ದಾಗ ಕಾಣ್ಲಿಲ್ಲ, ಜಾಸ್ತಿ ಹಚ್ಬಿಟ್ಟೆ. ನಂಗೆ ಕೈಕೆಲಸ ಯಾವ್ದೂ ಬರಲ್ಲ.”

“ಮತ್ತೇನು ಬತ್ತದೆ?”

“ಈರುಳ್ಳಿ ನೋಡಾಕೆ ಬತ್ತದೆ.”

ಹಾಲಮ್ಮ ಮತ್ತೆ ಚಿತ್ರ ನೋಡಿದರು. ತಿಳಿಸುತ್ತೇವೆ ಎಂದು ಹೇಳಿ ಹೊರಟರು. ಬಾಗಿಲು ದಾಟುವಾಗ ರುದ್ರಪ್ಪ ನನ್ನ ಕಡೆ ನೋಡಿ, “ಬಿಸ್ಲು ಎಲ್ಲಿತ್ತವ್ವ?” ಎಂದು ಕೇಳಿದರು. ನಾನು ದೂರದಿಂದಲೇ ಬೆರಳು ತೋರಿಸಿದೆ. ತೋರಿಸಿ ಮುಗಿಸುವವರೆಗೆ ನಿಂತಿದ್ದರು.

ಆಮೇಲಿನ ದಿನಗಳಲ್ಲಿ ಅಜ್ಜಿ ಅತ್ತೆಯೊಡನೆ ಮಾತು ಬಿಟ್ಟಳು. ಅಪ್ಪ ಅಜ್ಜಿಯೊಡನೆ ಜಗಳವಾಡಿದರು. ಅಮ್ಮ ಇಬ್ಬರ ಸಿಟ್ಟನ್ನೂ ನನ್ನ ಜಡೆಯ ಮೇಲೆ ತೀರಿಸಿಕೊಂಡಳು. ಅತ್ತೆ ಮಾತ್ರ ಮಂಡಿಯಲ್ಲಿ ಕೂತು ಈರುಳ್ಳಿ ಆರಿಸುತ್ತಿದ್ದಳು. ಅವಳ ದನಿ ಬಸ್‌ಸ್ಟ್ಯಾಂಡಿಗಲ್ಲ, ಪಕ್ಕದಂಗಡಿಗೂ ಕೇಳುತ್ತಿರಲಿಲ್ಲ. ಹೇಳಬಾರದಿತ್ತೇ ಎಂದು ಅವಳು ನನ್ನನ್ನು ಒಮ್ಮೆ ಕೇಳಿದಳು. ಹೇಳಿದ್ದರಿಂದ ನನಗೆ ಎಷ್ಟು ಹಿಗ್ಗಾಗಿತ್ತೆಂದರೆ, ಅವಳ ಮುಂದೆ ಮುಖ ಎತ್ತಲು ಆಗಲಿಲ್ಲ.

ಒಂದು ಮಧ್ಯಾಹ್ನ ನಾನು ಊಟಕ್ಕೆ ಬಂದಾಗ ಮಂಡಿಯ ಮೆಟ್ಟಿಲ ಮೇಲೆ ರುದ್ರಪ್ಪ ನಿಂತಿದ್ದರು. ಅಪ್ಪ ಗಾಬರಿಯಾಗಿ ಕುರ್ಚಿ ಹುಡುಕುತ್ತಿದ್ದರು.

“ಅವ್ವಂಗೆ ಒಪ್ಪಿಗೆ ಐತೆ ಅಣ್ಣ. ನೋಡಿದ ಮನೇಲೆಲ್ಲ ಗೋಡೆ ತುಂಬ ಗಿಣಿ ಇದ್ದೋ, ಕೆಡಿಸಿದ್ದು ನಾನು ಅಂದೋಳು ಇವಳೊಬ್ಳೇ ಅಂತು. ಹೆಣ್ಣಿನ ಜೊತೆಗೆ ಆ ಚಿತ್ರಾನೂ ಕಳಿಸ್ಬೇಕಂತೆ.” ಆಮೇಲೆ ಈರುಳ್ಳಿ ರಾಶಿಯ ಕಡೆ ತಿರುಗಿದರು. “ನಿಮ್ಗೆ ಒಪ್ಪಿಗೇನಾ?”

ರಾಶಿಯ ಪಕ್ಕ ಕೂತಿದ್ದ ಅತ್ತೆ ಕೈಯಲ್ಲಿದ್ದ ಈರುಳ್ಳಿಯನ್ನೇ ತಿರುಗಿಸತೊಡಗಿದಳು. ಅವರು ನಿಂತರು. ಅಪ್ಪ ಅವಳ ಪರವಾಗಿ ಹೇಳಲು ಹೋದರೆ ಕೈ ಸನ್ನೆಯಿಂದ ತಡೆದರು. ಕೊನೆಗೆ ಅವಳು “ಹೂಂ” ಎಂದಳು, ತನ್ನ ಮೊದಲಿನ ದನಿಯಲ್ಲೇ. ಬೀದಿಯವರೆಲ್ಲ ತಿರುಗಿ ನೋಡಿದರು. ಒಳಗೆ ಅಜ್ಜಿ ಗೋಡೆಗೆ ಒರಗಿ ಕೂತು, ಕಾಲು ನೀಡಿಕೊಂಡು, ಉಸಿರು ಬಿಟ್ಟಳು. ನಾವೆಲ್ಲ ಆ ಮಧ್ಯಾಹ್ನ ಖುಷಿಗೆ ಎರಡು ಸಲ ಉಂಡೆವು.

ಸಿಂಗಟಗೆರೆಗೆ ಹೊರಡುವ ಮುನ್ನ ಅತ್ತೆ ಸೆರಗಿನ ತುದಿ ಒದ್ದೆ ಮಾಡಿ ಮೂಲೆಯ ‘ಕು. ಗಿರಿಜಾ’ವನ್ನು ಒರೆಸಿ, ನನ್ನ ಕೈಗೆ ಕುಂಚ ಕೊಟ್ಟಳು. ಒರೆಸಿದ ಜಾಗದಲ್ಲಿ ನನ್ನ ಹೆಸರು ಸ್ವಲ್ಪ ಹರಡಿತು. ಚಿತ್ರವೊಂದಕ್ಕೆ ನಾನು ನನ್ನ ಹೆಸರು ಬರೆದದ್ದು ಅದೇ ಮೊದಲು.

ಆಮೇಲೆ ನಾನೂ ಡ್ರಾಯಿಂಗ್ ಟೀಚರಾದೆ, ಕಡೂರಿನಲ್ಲಿ ನೌಕರಿ ಮುಗಿಸಿ ಅಲ್ಲೇ ಮನೆ ಮಾಡಿಕೊಂಡಿದ್ದೇನೆ. ಕ್ಲಾಸಿನ ಮೊದಲ ದಿನ ಮಕ್ಕಳ ಬಿಳಿ ಬಿಲ್ಲೆಗಳನ್ನೆಲ್ಲ ಕಿತ್ತಿಟ್ಟುಕೊಳ್ಳುತ್ತಿದ್ದೆ. ಆ ತೋಪನ್ನು ಮತ್ತೆ ಎಷ್ಟೋ ಸಲ ಬರೆದೆ, ಪ್ರತಿ ಸಲವೂ ಬಿಸಿಲನ್ನು ಸರಿಯಾಗಿ ಬಿಟ್ಟು. ಅವು ಯಾರ ಯಾರ ಮನೆಯಲ್ಲೋ ಇವೆ. ಮೊದಲನೆಯದು ಇಂದಿಗೂ ಸಿಂಗಟಗೆರೆಯ ನಡುಮನೆಯಲ್ಲಿ ಗಾಜಿಲ್ಲದೆ ಇದೆ. ವಿಭೂತಿ ಉದುರುತ್ತಿರುತ್ತದೆ. ಶಿವರಾತ್ರಿಗೆ ಬಾಗಿಲಿಗೆ, ತಕ್ಕಡಿಗೆ ಹಚ್ಚುವಾಗ ಅತ್ತೆ ಅದಕ್ಕೂ ಹೊಸದಾಗಿ ಹಚ್ಚುತ್ತಾಳೆ.

ಈ ಶಿವರಾತ್ರಿಗೆ ಅವಳೇ ಫೋನ್ ಮಾಡಿ ಕರೆಸಿದಳು. ಬೆರಳು ನಡುಗುತ್ತವೆ, ಗೆರೆ ನೆಟ್ಟಗೆ ಬರುವುದಿಲ್ಲ. ಚಿತ್ರವನ್ನು ಇಳಿಸಿ ನನ್ನ ಮಡಿಲಲ್ಲಿಟ್ಟು “ಈ ಸಲ ನೀನೇ ಹಚ್ಚು ಪುಟ್ಟಿ” ಎಂದಳು. ಮುದುಕಿಯಾದ ನನಗೆ ಪುಟ್ಟಿ ಎನ್ನುವವಳು ಈಗ ಅವಳೊಬ್ಬಳೇ. ಬಿಳಿಯನ್ನು ಮೇಲೆ ಬಳಿಯಬಾರದು ಎಂದು ಜೀವಮಾನವೆಲ್ಲ ಹೇಳಿಕೊಟ್ಟ ನಾನು ಅಂಗೈಯಲ್ಲಿ ವಿಭೂತಿ ತೇಯ್ದು, ಮೂರು ಬೆರಳು ಅದ್ದಿ, ತೋಪಿನ ನಡುವೆ ಎಳೆದೆ. ಏನೂ ಕಾಣಲಿಲ್ಲ. ಕೈ ತಾನಾಗಿ ಮತ್ತೆ ಅಂಗೈಗೆ ಹೋಯಿತು. ಅತ್ತೆ ಮಣಿಕಟ್ಟು ಹಿಡಿದುಕೊಂಡಳು.

“ತಾಳು ಕಣೇ. ಒಣಗ್ಲಿ.”

ಕೂತೆವು. ರುದ್ರಪ್ಪ ಮಾವ ಕಾಫಿಯ ಪಾತ್ರೆ ಹಿಡಿದು ಬಂದು ನನ್ನ ಲೋಟಕ್ಕೆ ಬಗ್ಗಿಸುತ್ತಾ “ಸಾಕಾ?” ಎಂದು ಕೇಳಿ ನಿಂತರು. ಅವರಿಗೆ ಈಗ ಕಿವಿ ಮಂದ. ಸಾಕು ಎಂದು ನಾನು ಕೈ ಆಡಿಸುವವರೆಗೆ ಕಾದರು. ಅತ್ತೆ ನನ್ನ ಮಣಿಕಟ್ಟು ಬಿಟ್ಟಿರಲಿಲ್ಲ. ಮಡಿಲಲ್ಲಿ, ಹಿಪ್ಪೆ ಮರದ ಪಕ್ಕದಿಂದ, ಬಿಳುಪು ಮೆಲ್ಲಗೆ ಏಳತೊಡಗಿತು.